ಹೆಪ್ಪು ಕರಗಿಸುವ ಔಷಧಿಯ ಲೆಕ್ಕ

ಬೆಳಗಿನ ಕಾಫಿ ಕುಡಿಯುತ್ತಿದ್ದ ಅಜ್ಜನ ಬಲಗೈ ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪುತ್ತದೆ, ಮಾತು ತೊದಲುತ್ತದೆ. ಸಿ.ಟಿ. ಸ್ಕ್ಯಾನ್ ನೋಡಿದ ವೈದ್ಯರು, ‘ರಕ್ತಸ್ರಾವವಿಲ್ಲ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೂಡಲೇ ಕೊಡಬೇಕು’ ಎನ್ನುತ್ತಾರೆ. ಬೆಲೆ ಕೇಳಿದ ಮಗ ಗೋಡೆಗೆ ಒರಗುತ್ತಾನೆ. ಅಂಗೈಯಲ್ಲಿ ಹಿಡಿಯುವ ಸೀಸೆಗೆ ಅಷ್ಟೊಂದು ಹಣವೇಕೆ?

ರಕ್ತ ಹೆಪ್ಪುಗಟ್ಟುವುದು ಫೈಬ್ರಿನ್ ಎಂಬ ಎಳೆಗಳ ಬಲೆಯಿಂದ. ಈ ಬಲೆಯನ್ನು ಕತ್ತರಿಸುವ ಕಿಣ್ವ ಪ್ಲಾಸ್ಮಿನ್. ರಕ್ತದಲ್ಲಿ ಅದು ಪ್ಲಾಸ್ಮಿನೋಜೆನ್ ಎಂಬ ರೂಪದಲ್ಲಿ ಸುಮ್ಮನಿರುತ್ತದೆ. ಅದನ್ನು ಎಚ್ಚರಿಸುವುದೇ ಈ ಔಷಧಿಗಳ ಕೆಲಸ.

ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಕ್ಕೆ ಹೆಪ್ಪು ಕರಗಿಸುವ ಶಕ್ತಿಯಿದೆ ಎಂದು 1933ರಲ್ಲಿ ಅಮೆರಿಕದ ಟಿಲೆಟ್ ಮತ್ತು ಗಾರ್ನರ್ ಕಂಡರು. ಅದರಿಂದ ಬಂದದ್ದು ಸ್ಟ್ರೆಪ್ಟೊಕೈನೇಸ್. ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ಔಷಧಿಯೂ ಅಗ್ಗ. ಆಲ್ಟೆಪ್ಲೇಸ್ ಹಾಗಲ್ಲ. ಅದು ಮನುಷ್ಯನ ದೇಹವೇ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸುವ ಪ್ರೋಟೀನು. ಅದರ ಜೀನನ್ನು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಜೀವಕೋಶಗಳಿಗೆ ಸೇರಿಸಿ, ತೊಟ್ಟಿಗಳಲ್ಲಿ ಬೆಳೆಸಿ, ಪ್ರೋಟೀನನ್ನು ಶುದ್ಧೀಕರಿಸಬೇಕು. ಈ ಕೋಶಗಳು ನಿಧಾನವಾಗಿ ಬೆಳೆಯುತ್ತವೆ; ಆರೈಕೆಯ ಖರ್ಚೂ ಹೆಚ್ಚು.

ಹಾಗಾದರೆ ಅಗ್ಗದ್ದೇ ಸಾಲದೆ? 1993ರಲ್ಲಿ ಪ್ರಕಟವಾದ ಗಸ್ಟೊ ಅಧ್ಯಯನದಲ್ಲಿ 41,021 ಹೃದಯಾಘಾತದ ರೋಗಿಗಳಿದ್ದರು. 30 ದಿನಗಳೊಳಗೆ ತೀರಿಕೊಂಡವರು ಸ್ಟ್ರೆಪ್ಟೊಕೈನೇಸ್ ಪಡೆದವರಲ್ಲಿ ನೂರಕ್ಕೆ 7ಕ್ಕಿಂತ ತುಸು ಹೆಚ್ಚು. ಆಲ್ಟೆಪ್ಲೇಸ್ ಪಡೆದವರಲ್ಲಿ 6.3. ವ್ಯತ್ಯಾಸ ನೂರಕ್ಕೆ ಸುಮಾರು ಒಂದು ಜೀವ. ಆದರೆ ಪಾರ್ಶ್ವವಾಯುವಿನಲ್ಲಿ ಸ್ಟ್ರೆಪ್ಟೊಕೈನೇಸ್ ಮಿದುಳಿನ ರಕ್ತಸ್ರಾವವನ್ನು ಹೆಚ್ಚಿಸಿದ್ದರಿಂದ ಅದರ ಪ್ರಯೋಗಗಳನ್ನು 1990ರ ದಶಕದಲ್ಲೇ ನಿಲ್ಲಿಸಲಾಯಿತು. ಅಲ್ಲಿ ಅಗ್ಗದ ದಾರಿ ಮುಚ್ಚಿತು.

ಇನ್ನು ಬಿಲ್ಲಿನ ಲೆಕ್ಕ. ಪಾರ್ಶ್ವವಾಯುವಿಗೆ ಆಲ್ಟೆಪ್ಲೇಸ್ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 0.9 ಮಿ.ಗ್ರಾಂ. ಅಜ್ಜನ ತೂಕ 60 ಕಿಲೋ ಆದರೆ 54 ಮಿ.ಗ್ರಾಂ. ಸೀಸೆಗಳು 50 ಮತ್ತು 20 ಮಿ.ಗ್ರಾಂ.ನವಾದರೆ ಎರಡನ್ನೂ ಒಡೆಯಬೇಕು. ಬಿಲ್ಲು 70 ಮಿ.ಗ್ರಾಂ.ಗೆ, ಉಳಿದ 16 ಮಿ.ಗ್ರಾಂ. ವ್ಯರ್ಥ. ಕಲಸಿದ ಔಷಧಿಯನ್ನು ಇನ್ನೊಬ್ಬರಿಗೆಂದು ತೆಗೆದಿಡುವಂತಿಲ್ಲ. ಇದು ಮೋಸವಲ್ಲ, ಅಂಕಗಣಿತ. ಸ್ಕ್ಯಾನ್, ತೀವ್ರ ನಿಗಾ ಘಟಕದ ಹಾಸಿಗೆ ಇವುಗಳ ಖರ್ಚು ಬೇರೆ.

ಯೋಚಿಸಲು ಸಮಯವಂತೂ ಕಡಿಮೆ. ಪಾರ್ಶ್ವವಾಯುವಿನ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ ಈ ಇಂಜೆಕ್ಷನ್ ಸಿಗಬೇಕು. ದೊಡ್ಡ ರಕ್ತನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂಬುದು 2006ರ ಒಂದು ಅಂದಾಜು. ಬೆಳಿಗ್ಗೆ ಏಳಕ್ಕೆ ಕೈ ಸೋತವರನ್ನು ‘ಮಲಗಿದರೆ ಸರಿಹೋದೀತು’ ಎಂದು ಮಧ್ಯಾಹ್ನದವರೆಗೆ ಮನೆಯಲ್ಲಿರಿಸಿದರೆ, ಎಷ್ಟು ಹಣವಿದ್ದರೂ ಈ ಮದ್ದು ದಕ್ಕದು.

ಹೃದಯಾಘಾತಕ್ಕಾದರೆ, ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಎಂಬ ಇಂಥದೇ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡಾಗಿದೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಸಿಗುತ್ತದೆ, ಸಿ.ಟಿ. ಸ್ಕ್ಯಾನ್ ಹಗಲಿರುಳೂ ಎಲ್ಲಿದೆ ಎಂದು ಇಂದೇ ವಿಚಾರಿಸಿ, ಕ್ಯಾಲೆಂಡರಿನ ಬೆನ್ನಿಗೆ ಬರೆದಿಡುವ ಕೆಲಸ ಮನೆಯ ಮಕ್ಕಳದಾಗಲಿ. ಅದಕ್ಕೆ ಕಾಸು ಖರ್ಚಿಲ್ಲ.