ಉತಾರದಲ್ಲಿ ಇಲ್ಲದ ಕಾಡು

ಬಾದಾಮಿಯಿಂದ ಗುಳೇದಗುಡ್ಡ, ಹುನಗುಂದದ ಹಾದಿ ಹಿಡಿದು ಇಳಕಲ್ಲಿನವರೆಗೆ ಹೋದರೆ ಕಣ್ಣಿಗೆ ಬೀಳುವುದು ಮರಗಳಿಗಿಂತ ಹೆಚ್ಚಾಗಿ ಕಲ್ಲುಗುಡ್ಡ, ಕಂಟಿ, ಒಣಹುಲ್ಲು. ಇದನ್ನು ಕಾಡು ಎನ್ನಲು ನಮಗೇ ಮನಸ್ಸು ಬಾರದು. ಕಾಡೆಂದರೆ ಅದು ದಾಂಡೇಲಿಯ ಕಡೆಯದು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇಂಥ ನೆಲ ಗಾಯರಾಣ (ಗೋಮಾಳ) ಅಥವಾ ಖರಾಬು. ದೇಶದ ಬಂಜರುಭೂಮಿ ನಕ್ಷೆಗಳಂತೂ ಹುಲ್ಲುಗಾವಲು, ಕುರುಚಲು ನೆಲಗಳನ್ನು ಬಂಜರಿನ ಲೆಕ್ಕಕ್ಕೇ ಹಾಕುತ್ತ ಬಂದಿವೆ. ಆದರೆ ಬಯಲುಸೀಮೆಯ ತೋಳಕ್ಕೆ, ಚಿಂಕಾರಕ್ಕೆ ಬೇಕಾದದ್ದು ಈ ‘ಬಂಜರೇ’. ದಟ್ಟಡವಿಯಲ್ಲಿ ಅವು ಬಾಳಲಾರವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಎರಡರ ಹೆಸರೂ ಇದೆ. ಕೊಂದವನಿಗೆ ಕನಿಷ್ಠ 3 ವರ್ಷ ಜೈಲು. ಅವು ಮರಿ ಹಾಕುವ ನೆಲವನ್ನು ಅಗೆದವನಿಗೆ? ಆ ನೆಲಕ್ಕೆ ರಕ್ಷಣೆ ಇದ್ದರೆ ಅದು ‘ಅರಣ್ಯ’ ಎಂಬ ಒಂದು ಪದದ ಅರ್ಥದಲ್ಲಿ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಲೀಕರು ಯಾರೇ ಇರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾದದ್ದೆಲ್ಲ ಅರಣ್ಯವೇ ಎಂದಿತು. ಅರಣ್ಯ ಸಂರಕ್ಷಣಾ ಕಾಯ್ದೆಗೆ ಬಂದ 2023ರ ತಿದ್ದುಪಡಿ ಆ ಅರ್ಥವನ್ನು ಅಧಿಸೂಚನೆ ಮತ್ತು ಸರ್ಕಾರಿ ದಾಖಲೆಗೆ ಕಟ್ಟಿಹಾಕಿತು. 2024ರ ಫೆಬ್ರುವರಿಯಲ್ಲಿ ಹಳೆಯ ಅರ್ಥವನ್ನೇ ಪಾಲಿಸುವಂತೆ ಕೋರ್ಟ್ ಹೇಳಿದೆ ನಿಜ. ಆದರೆ ಅದು ಮಧ್ಯಂತರ ಆದೇಶ. ಅಷ್ಟಕ್ಕೂ ದೆಹಲಿಯನ್ನಷ್ಟೇ ದೂರುವುದು ಸರಿಯಲ್ಲ. ಸುಮಾರು 9.94 ಲಕ್ಷ ಹೆಕ್ಟೇರ್ ಎಂದು ಗುರುತಾಗಿದ್ದ ಪರಿಭಾವಿತ (ಡೀಮ್ಡ್) ಅರಣ್ಯವನ್ನು 2022ರ ಮೇನಲ್ಲಿ 3.30 ಲಕ್ಷಕ್ಕೆ ಇಳಿಸಿದ್ದು ನಮ್ಮದೇ ರಾಜ್ಯ ಸರ್ಕಾರ.

ಆ ಹಳೆಯ ಪಟ್ಟಿಯಲ್ಲಿ ಸಾಗುವಳಿ ಹೊಲ, ಶಾಲೆ, ಮನೆಗಳೂ ಸೇರಿಹೋಗಿದ್ದವು, ಬಡ ರೈತರು ಎಷ್ಟು ಕಾಲ ಅಲೆದಾಡಬೇಕು ಎಂಬ ವಾದವಿದೆ. ಒಪ್ಪುವ ಮಾತೇ. ಹಾಗಿದ್ದರೆ ಹೊಲ-ಮನೆಗಳನ್ನು ಒಂದೊಂದಾಗಿ ಬಿಡಿಸಬಹುದಿತ್ತು. ಮೂರರಲ್ಲಿ ಎರಡು ಪಾಲು ಹೊರಬಿದ್ದಾಗ ಕೈಬಿಟ್ಟ ನೆಲವೆಲ್ಲ ರೈತನಿಗೇ ಸಿಗುತ್ತದೆ ಎನ್ನಲಾಗದು. ಸೌರ ಸ್ಥಾವರಕ್ಕೆ ಪರಿಸರ ಪರಿಣಾಮ ಅಧ್ಯಯನವೇ ಬೇಕಿಲ್ಲ. ಬಂಜರೆಂದು ಬರೆದ ಬಯಲು ಅದಕ್ಕೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಬೇಲಿ ಬಿದ್ದರೆ ತೋಳದೊಂದಿಗೆ ಕುರಿಗಾರನೂ ಹೊರಗೆ. ಇನ್ನು ಕಲ್ಲುಗಣಿಯ ಮಾತು. ಇಳಕಲ್ಲಿನ ಕೆಂಪು ಗ್ರಾನೈಟ್ ಎಷ್ಟೋ ಮನೆಗಳ ಒಲೆ ಉರಿಸಿದೆ. ಕ್ವಾರಿ ಮುಚ್ಚಿ ಎನ್ನುವುದು ಇಲ್ಲಿಯ ವಾದವಲ್ಲ. ಹೊಸ ಗುಡ್ಡಕ್ಕೆ ಕೈಹಾಕುವ ಮುನ್ನ ಅಲ್ಲಿ ಯಾವ ಜೀವವಿದೆ ಎಂದು ಕೇಳುವ ಕಾನೂನು ಉಳಿಯಲಿ ಎನ್ನುವುದಷ್ಟೆ.

ಚಿಂಕಾರಕ್ಕೆಂದೇ 2016ರಲ್ಲಿ ಯಡಹಳ್ಳಿ ಧಾಮ ಮಾಡಿದೆಯಲ್ಲ ಎನ್ನುವವರಿದ್ದಾರೆ. ಒಳ್ಳೆಯ ಕೆಲಸ. ಆದರೆ ಬೀಳಗಿ-ಮುಧೋಳ ತಾಲ್ಲೂಕುಗಳ ಆ 96 ಚದರ ಕಿಲೋಮೀಟರ್ ಆಚೆಗೆ ಇಡೀ ಬಾಗಲಕೋಟೆ ಜಿಲ್ಲೆಯೇ ಇದೆ. ತೋಳವಂತೂ ಧಾಮದ ಗಡಿಕಲ್ಲು ನೋಡಿ ನಿಲ್ಲುವ ಪ್ರಾಣಿಯಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯತಿಗೊಂದು ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಬರೆಯಬೇಕು. ಹುನಗುಂದ, ಬಾದಾಮಿ ತಾಲ್ಲೂಕುಗಳ ಗಾಯರಾಣಗಳಿಂದಲೇ ಆ ಬರಹ ಶುರುವಾಗಲಿ. ಸರ್ವೇಗೆ ಹೊರಡುವಾಗ ಊರಿನ ಒಬ್ಬ ಕುರಿಗಾರನನ್ನೂ ಜೊತೆಗೆ ಕರೆದೊಯ್ಯಲಿ. ತೋಳ ಎಲ್ಲಿ ಮರಿ ಹಾಕುತ್ತದೆ ಎಂಬುದು ತಲಾಠಿಗಿಂತ ಅವನಿಗೆ ಚೆನ್ನಾಗಿ ಗೊತ್ತು.