ಚಂಡೆಗೆ ಒಗ್ಗಿದ ಕಿವಿಗೆ ಗಿಟಾರ್ ಏಕೆ ಭಾರ?

ಹಾರ್ಡ್ ರಾಕ್, ಹೆವಿ ಮೆಟಲ್ ಎಲ್ಲ ನಗರದ ಹುಡುಗರ ಎರವಲು ಗದ್ದಲ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಿವಿಗೆ ಅದು ಹೊಂದದು ಎಂಬ ಈಚಿನ ಬರಹದ ತೀರ್ಪು ಅವಸರದ್ದು. ಬೆಂಗಳೂರಿನ ಹೆವಿ ಮೆಟಲ್ ತಂಡ ಕ್ರಿಪ್ಟೋಸ್ ಅನ್ನೇ ನೋಡಿ. 1998ರಲ್ಲಿ ಹುಟ್ಟಿದ ಈ ತಂಡದ ಮೊದಲ ಆಲ್ಬಮ್ 'ಸ್ಪೈರಲ್ ಅಸೆಂಟ್' ಬಂದದ್ದು 2004ರಲ್ಲಿ. 2013ರಲ್ಲಿ ಅದು ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ಎರವಲಿನ ಹುಚ್ಚು ಇಷ್ಟು ವರ್ಷ ಬಾಳುವುದಿಲ್ಲ. ತಂಡದ ಬಗೆಗಿನ ಮಾತೆಲ್ಲ 'ದಿ ಮಾಸ್ಕ್ ಆಫ್ ಅನುಬಿಸ್' ಹಾಡಿನ ಸುತ್ತಲೇ ತಿರುಗುತ್ತದೆ. 2008ರ ಆಲ್ಬಮ್ 'ದಿ ಆರ್ಕ್ ಆಫ್ ಜೆಮಿನಿ'ಯ 'ಹೆರೆಟಿಕ್ ಸುಪ್ರೀಮ್' ಕೇಳಿದವರು ಕಡಿಮೆ. ಜೋಡಿ ಗಿಟಾರಿನ ಈ ಶೈಲಿಯ ಬೇರು ಬ್ರಿಟನ್ನಿನದು, ನಿಜ. ಆದರೆ ನಾವು ನಮ್ಮದೇ ಎಂದುಕೊಂಡ ಹಾರ್ಮೋನಿಯಂ ಎಲ್ಲಿಂದ ಬಂತು?

ಸದ್ದಿನ ಆಕ್ಷೇಪವಂತೂ ಈ ಸೀಮೆಯಲ್ಲಿ ನಿಲ್ಲುವುದೇ ಇಲ್ಲ. ಯಕ್ಷಗಾನದ ಯುದ್ಧದ ಪದ್ಯಕ್ಕೆ ಬೀಳುವ ಚಂಡೆ, ಸಾಗರದ ಡೊಳ್ಳು, ಇವೇನು ಪಿಸುಮಾತೇ? ಪರಕೀಯ ಎಂಬುದಕ್ಕೆ ಸಾಗರದ ಬಳಿಯ ಹೆಗ್ಗೋಡು ಉತ್ತರ ಕೊಟ್ಟಾಗಿದೆ: 1973ರಲ್ಲಿ ಶುರುವಾದ ಅಲ್ಲಿನ ನೀನಾಸಂ ಚಿತ್ರಸಮಾಜ ಜಗತ್ತಿನ ಸಿನಿಮಾಗಳನ್ನು ಹಳ್ಳಿಯವರ ಮುಂದಿಟ್ಟಿತು, ಅವರು ಕೂತು ನೋಡಿದರು. ಕ್ರಿಪ್ಟೋಸ್ ಹಾಡುವುದು ಇಂಗ್ಲಿಷಿನಲ್ಲಿ ಎಂಬ ತಕರಾರಿನಲ್ಲಿ ಮಾತ್ರ ಹುರುಳಿದೆ. ಗರ್ಜಿಸುವ ದನಿಯಲ್ಲಿ ಪದಗಳೂ ಹಿಡಿತಕ್ಕೆ ಸಿಗವು. ಅದು ಭಾಷೆಯ ಕೊರತೆಯೇ ಹೊರತು ಸಂಗೀತದ್ದಲ್ಲ. ಆ ಬರಹದ ಲೇಖಕರು 2008ರ ಆ ಆಲ್ಬಮನ್ನು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಇದಕ್ಕಿಂತ ಕಟುವಾಗಿ ಬರೆಯಲಿ.