ಬಿಳಿಯ ಮನೆಗಳ ಭ್ರಮೆ

“ಡೋರಿಯನ್ ಎಂದರೇನು ಮಹಾ? ಪಿಯಾನೋದ ಬಿಳಿಯ ಮನೆಗಳನ್ನು ‘ಸಿ’ಯ ಬದಲು ‘ಡಿ’ಯಿಂದ ಒತ್ತುತ್ತ ಹೋಗು” ಎಂದು ನನ್ನ ಮಗಳಿಗೆ ಅವಳ ಮೇಷ್ಟರು ಹೇಳಿಕೊಟ್ಟರು. ಹುಡುಗಿ ಒತ್ತಿದಳು, ಕೇಳಿಸಿದ್ದು ಮಾತ್ರ ಅದೇ ಹಳೆಯ ‘ಸಿ’ ಮೇಜರ್. ಇದು ಪಾಠವೆ? ಅಕ್ಷರಮಾಲೆಯನ್ನು ನಡುವಿನಿಂದ ಓದಿದರೆ ಕಾವ್ಯವಾದೀತೆ?

ಆಧಾರಷಡ್ಜವಿಲ್ಲದೆ ಮೇಳವಿಲ್ಲ. ಎಡಗೈ ‘ಡಿ’ಯನ್ನು ಶ್ರುತಿಯಾಗಿ ಹಿಡಿದಿರಲಿ; ಬಲಗೈ ಎಲ್ಲಿ ಅಲೆದರೂ ಅಲ್ಲಿಗೇ ಬಂದು ನಿಲ್ಲಲಿ. ಆಗ ‘ಎಫ್’ ಸಾಧಾರಣ ಗಾಂಧಾರವಾಗುತ್ತದೆ, ‘ಬಿ’ ಚತುಶ್ರುತಿ ಧೈವತ. ಗಮಕ ದಕ್ಕದು, ಒಪ್ಪಿದೆ. ಸ್ವರಗಳು ಮಾತ್ರ ಖರಹರಪ್ರಿಯದವೇ.

1959ರ ಮೈಲ್ಸ್ ಡೇವಿಸರ ‘ಸೋ ವಾಟ್’ ಕೇಳಿ. 16 ಬಾರ್ ‘ಡಿ’ ಡೋರಿಯನ್ ಆದಮೇಲೆ 8 ಬಾರ್ ಅರ್ಧ ಸ್ವರ ಮೇಲಕ್ಕೇರುತ್ತದೆ. ಅಲ್ಲಿ ಏಳು ಸ್ವರಗಳಲ್ಲಿ ಐದು ಕರಿಯ ಮನೆಗಳು! ಬಿಳಿಯ ಮನೆಗಳ ಸೂತ್ರ ಅಲ್ಲಿ ಯಾವ ಪ್ರಯೋಜನಕ್ಕೆ?

ಮೊದಲು ಕಿವಿಯನ್ನು ತಿದ್ದಿರಿ, ಮೇಷ್ಟರೆ. ಬೆರಳು ಹಿಂದೆಯೇ ಬರುತ್ತದೆ.